ಕೋಮ್ ಒಂಬೋದಲ್ಲಿ ಇಳಿಯುವವರಿಗೆ ಒಂದು ಅಹವಾಲು

ಅಕ್ಟೋಬರ್ ಬಂತೆಂದರೆ ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರುಗಳಿಂದ ಈಜಿಪ್ಟಿಗೆ ಹೊರಡುವ ತಂಡಗಳು ಸಜ್ಜಾಗುತ್ತವೆ. ಗೀಝಾದ ಪಿರಮಿಡ್ಡುಗಳು, ಕೈರೋದ ಮ್ಯೂಸಿಯಂ, ಅಲ್ಲಿಂದ ಲಕ್ಸರ್, ಲಕ್ಸರಿನಿಂದ ಅಸ್ವಾನಿನವರೆಗೆ ನೈಲ್ ನದಿಯ ಮೇಲೆ ಮೂರ್ನಾಲ್ಕು ರಾತ್ರಿಯ ಕ್ರೂಸ್, ಕೊನೆಗೊಂದು ದಿನ ನಸುಕಿನಲ್ಲೆದ್ದು ಮರುಭೂಮಿಯ ರಸ್ತೆ ಹಿಡಿದು ಅಬು ಸಿಂಬೆಲ್. ಹೋಗಿ ಬನ್ನಿ. ಆಯುಸ್ಸಿನಲ್ಲಿ ಒಮ್ಮೆಯಾದರೂ ನೋಡಬೇಕಾದ ದೇಶ ಅದು. ಹೋಗಬೇಡಿ ಎಂದು ಹೇಳಲು ನಾನಿದನ್ನು ಬರೆಯುತ್ತಿಲ್ಲ. ಹೋಗುವ ನಿಮ್ಮ ಮನಸ್ಸಾಕ್ಷಿಯ ಮುಂದೆ ಒಂದು ಅಹವಾಲು ಇಡುವುದಿದೆ. ಆ ದೇಶದ ದಕ್ಷಿಣ ತುದಿಯಲ್ಲಿ ನೀವು ಕಣ್ತುಂಬಿಕೊಳ್ಳುವ ದೇವಾಲಯಗಳ ಜೊತೆಜೊತೆಗೆ ಒಂದು ಜನಸಮುದಾಯ ಬಾಳಿ ಬದುಕಿತ್ತು. ದೇವಾಲಯಗಳನ್ನು ಉಳಿಸಲು ಇಡೀ ಜಗತ್ತು ಒಂದಾಯಿತು. ಆ ಜನರನ್ನು ಮನೆಯಿಂದ ಎಬ್ಬಿಸಿ ಬೇರೆಲ್ಲೋ ತಂದು ಇಳಿಸಲಾಯಿತು. ಅವರು ಇನ್ನೂ ಇದ್ದಾರೆ, ನಿಮ್ಮ ಹಡಗು ನಿಲ್ಲುವ ದಂಡೆಯಿಂದ ಕೆಲವೇ ಕಿಲೋಮೀಟರ್ ಆಚೆ. ಅವರನ್ನು ಕಾಣದೆ, ಅವರ ಹೆಸರನ್ನೂ ಕೇಳದೆ ವಾಪಸಾಗಬೇಡಿ.

ಮೊದಲು ಅಬು ಸಿಂಬೆಲಿನ ಮಾತು, ಏಕೆಂದರೆ ಎಲ್ಲರೂ ಅಲ್ಲಿಗೆ ಹೋಗುತ್ತಾರೆ. ಕ್ರಿಸ್ತಪೂರ್ವ 13ನೆಯ ಶತಮಾನದಲ್ಲಿ ಎರಡನೆಯ ರಾಮ್ಸೆಸ್ ಬಂಡೆಯನ್ನೇ ಕೊರೆದು ಮಾಡಿಸಿದ ಗುಡಿ ಅದು. ಬಾಗಿಲ ಎಡಬಲಕ್ಕೆ ಇಬ್ಬಿಬ್ಬರಂತೆ ಕೂತ ನಾಲ್ಕು ರಾಮ್ಸೆಸರು, ಒಬ್ಬೊಬ್ಬನೂ ಸುಮಾರು 20 ಮೀಟರ್ ಎತ್ತರ. ಒಳಗಿನ ಗರ್ಭಗುಡಿಯಲ್ಲಿ ಸಾಲಾಗಿ ನಾಲ್ಕು ಮೂರ್ತಿಗಳು. ಫೆಬ್ರವರಿ 22 ಮತ್ತು ಅಕ್ಟೋಬರ್ 22ರ ಆಸುಪಾಸಿನಲ್ಲಿ, ವರ್ಷಕ್ಕೆ ಎರಡೇ ಸಲ, ಬೆಳಗಿನ ಬಿಸಿಲು ಅಷ್ಟುದ್ದ ಒಳಗೆ ಹರಿದು ಮೂವರ ಮೈಮೇಲೆ ಬೀಳುತ್ತದೆ. ಕತ್ತಲ ಲೋಕದ ನಂಟಿರುವ ಪ್ತಾಹ್ ಮಾತ್ರ ನೆರಳಿನಲ್ಲೇ ಉಳಿಯುತ್ತಾನೆ.

ಆಮೇಲೆ ಗೈಡ್ ಹೇಳುತ್ತಾನೆ: ಈ ಗುಡಿ ಇದ್ದದ್ದು ಇಲ್ಲಲ್ಲ. ಅಸ್ವಾನಿನಲ್ಲಿ ದೊಡ್ಡ ಅಣೆಕಟ್ಟು ಕಟ್ಟಲು ಹೊರಟಾಗ ಇದು ಮುಳುಗುವುದಿತ್ತು. 1960ರ ಮಾರ್ಚ್ 8ರಂದು ಯುನೆಸ್ಕೋ ಜಗತ್ತಿಗೆ ಕರೆ ಕೊಟ್ಟಿತು. ಸುಮಾರು ಐವತ್ತು ದೇಶಗಳು ಕೈಜೋಡಿಸಿದವು. 1964ರಿಂದ 1968ರವರೆಗೆ ಇಡೀ ಗುಡಿಯನ್ನು ಸಾವಿರಕ್ಕೂ ಹೆಚ್ಚು ತುಂಡುಗಳಾಗಿ ಗರಗಸದಿಂದ ಕೊಯ್ದು, ಒಂದೊಂದಕ್ಕೂ ನಂಬರು ಬರೆದು, 65 ಮೀಟರ್ ಮೇಲಕ್ಕೆ ಮತ್ತು 200 ಮೀಟರ್ ಹಿಂದಕ್ಕೆ ಸಾಗಿಸಿ ಮತ್ತೆ ಜೋಡಿಸಿದರು. ಒಂದೊಂದು ತುಂಡೂ ಹತ್ತಾರು ಟನ್ ಭಾರ. ನಾಲ್ವರಲ್ಲಿ ಒಬ್ಬನ ತಲೆ ಮತ್ತು ಎದೆಯ ಭಾಗ ಪ್ರಾಚೀನ ಕಾಲದ ಭೂಕಂಪದಲ್ಲೇ ಮುರಿದು ಕಾಲಬುಡದಲ್ಲಿ ಬಿದ್ದಿತ್ತು. ಹೊಸ ಜಾಗದಲ್ಲೂ ಅದನ್ನು ಹಾಗೇ, ಬಿದ್ದ ರೀತಿಯಲ್ಲೇ ಇಟ್ಟರು. ಅಲ್ಲಿಗೆ ಹೋದಾಗ ಆ ಬಿದ್ದ ತಲೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಮೂರು ಸಾವಿರ ವರ್ಷ ಹಿಂದೆ ಉರುಳಿದ ಒಂದು ಕಲ್ಲು ಯಾವುದರ ಪಕ್ಕ, ಯಾವ ಕಡೆ ಮುಖ ಮಾಡಿ ಬಿದ್ದಿತ್ತು ಎಂಬುದನ್ನು ಕೂಡ ಮನುಷ್ಯರು ಕೆಡಿಸಲಿಲ್ಲ. ಅಷ್ಟು ಕಾಳಜಿ ಮನುಷ್ಯನಿಗೆ ಸಾಧ್ಯ.

ಆ ಕೆಲಸ ಮಾಡಿದವರ ಮೇಲೆ ನನಗೆ ಅಪಾರ ಗೌರವವಿದೆ. ಅಬು ಸಿಂಬೆಲಿನಿಂದ ಫಿಲೆಯವರೆಗೆ ಇಪ್ಪತ್ತೆರಡು ಸ್ಮಾರಕ ಸಮುಚ್ಚಯಗಳು ಉಳಿದವು. ಫಿಲೆಯ ಐಸಿಸ್ ದೇವಿಯ ಗುಡಿಯನ್ನು ಪಕ್ಕದ ಅಗಿಲ್ಕಿಯಾ ದ್ವೀಪಕ್ಕೆ ಸಾಗಿಸಿ ಮುಗಿಸುವ ಹೊತ್ತಿಗೆ 1980 ಬಂದಿತ್ತು. ನೆರವಾದ ದೇಶಗಳಿಗೆ ಈಜಿಪ್ಟ್ ಸಣ್ಣ ಗುಡಿಗಳನ್ನೇ ಕಾಣಿಕೆ ಕೊಟ್ಟಿತು. ದೆಂದೂರ್ ನ್ಯೂಯಾರ್ಕಿಗೆ, ದಾಬೂದ್ ಮ್ಯಾಡ್ರಿಡ್ಡಿಗೆ, ತಾಫಾ ಹಾಲೆಂಡಿನ ಲೈಡನ್ನಿಗೆ, ಎಲ್ಲೆಸಿಯಾ ಇಟಲಿಯ ಟ್ಯೂರಿನ್ನಿಗೆ ಹೋದವು. ಮನುಕುಲದ ಆಸ್ತಿ ಯಾವ ದೇಶದಲ್ಲಿದ್ದರೂ ಎಲ್ಲರದು ಎಂಬ ವಿಚಾರ ಗಟ್ಟಿಯಾದದ್ದು ಈ ಕೆಲಸದಿಂದಲೇ. 1972ರ ವಿಶ್ವಪರಂಪರೆ ಒಪ್ಪಂದದ ಬೇರು ಇಲ್ಲಿದೆ. ನಮ್ಮ ಹಂಪಿ 1986ರಲ್ಲಿ, ಪಟ್ಟದಕಲ್ಲು 1987ರಲ್ಲಿ ಆ ಪಟ್ಟಿ ಸೇರಿದವು.

ಈಗ ಅದೇ ವರ್ಷಗಳಲ್ಲಿ, ಅದೇ ದಂಡೆಯ ಮನುಷ್ಯರಿಗೆ ಏನಾಯಿತು ಎಂದು ಕೇಳಿ.

ಅಸ್ವಾನಿನ ಬಂಡೆಗಲ್ಲುಗಳ ನಡುವೆ ನೈಲ್ ಭೋರ್ಗರೆಯುವ ಜಾಗಕ್ಕೆ ಮೊದಲನೆಯ ಜಲಪಾತ ಎನ್ನುತ್ತಾರೆ. ಅಲ್ಲಿಂದ ದಕ್ಷಿಣಕ್ಕೆ, ಸುಡಾನಿನೊಳಗಿನವರೆಗೂ ಹಬ್ಬಿದ್ದ ನಾಡು ನೂಬಿಯಾ. ಉತ್ತರದಲ್ಲಿ ಕೆನೂಝ್, ದಕ್ಷಿಣದಲ್ಲಿ ಫದಿಜ್ಜ ಪಂಗಡದವರು, ನಡುವೆ ಕೆಲವು ಅರಬ್ ಮನೆತನಗಳು. ಅರಬ್ಬಿಗಿಂತ ಬೇರೆಯೇ ಆದ ನೂಬಿಯನ್ನರ ನುಡಿಗೆ ಸಾವಿರ ವರ್ಷ ಹಿಂದೆಯೇ ಬರಹವಿತ್ತು. ಫರೋಗಳಿಗೆ ಬಂಗಾರ ಹೋಗುತ್ತಿದ್ದದ್ದು ಇಲ್ಲಿಂದ. ಒಂದು ಕಾಲಕ್ಕೆ ಇಲ್ಲಿನ ಕುಶ್ ಅರಸರು ಉತ್ತರಕ್ಕೆ ಬಂದು ಇಡೀ ಈಜಿಪ್ಟನ್ನು ಆಳಿದವರು. ಹಿಂದೆ ಮರಳುಗುಡ್ಡ, ಮುಂದೆ ನದಿ, ನಡುವೆ ಖರ್ಜೂರದ ತೋಪು ಮತ್ತು ಒಂದು ಪಟ್ಟಿಯಷ್ಟು ಹೊಲ. ಊರುಗಳು ಆ ಪಟ್ಟಿಯುದ್ದಕ್ಕೂ ನದಿಗೆ ಮುಖ ಮಾಡಿ ಕೂತಿದ್ದವು.

ಅವರ ಮನೆಗಳನ್ನು ಚಿತ್ರದಲ್ಲಾದರೂ ನೋಡಿ. ಮಣ್ಣಿನ ದಪ್ಪ ಗೋಡೆ, ನಡುವೆ ವಿಶಾಲ ಅಂಗಳ. ಬಾಗಿಲ ಸುತ್ತ ಸುಣ್ಣದಲ್ಲಿ ಬರೆದ ಮೊಸಳೆ, ಹಕ್ಕಿ, ಹಜ್ಜಿಗೆ ಹೋದವರಿದ್ದರೆ ಹಡಗಿನ ಚಿತ್ರ. ಬಾಗಿಲ ಮೇಲೆ ಹಸಿ ಗಿಲಾವಿನಲ್ಲಿ ಒತ್ತಿ ಕೂರಿಸಿದ ಪಿಂಗಾಣಿ ತಟ್ಟೆಗಳು, ಬಿಸಿಲಿಗೆ ದೂರದಿಂದಲೇ ಹೊಳೆಯುತ್ತಿದ್ದವು. ಮರಮುಟ್ಟು ಸಾಲದ ಆ ಸೀಮೆಯಲ್ಲಿ ಮೇಸ್ತ್ರಿಗಳು ಕೆಳಗೆ ಸೆಂಟ್ರಿಂಗ್ ಆಸರೆಯಿಲ್ಲದೆ, ಇಟ್ಟಿಗೆಗಳನ್ನು ವಾರೆಯಾಗಿ ಒಂದಕ್ಕೊಂದು ಒರಗಿಸುತ್ತ ಕಮಾನು ಚಾವಣಿ ಕಟ್ಟುತ್ತಿದ್ದರು. 1941ರಲ್ಲಿ ಅಸ್ವಾನಿಗೆ ಬಂದ ಹಸನ್ ಫತ್ಹಿ ಎಂಬ ವಾಸ್ತುಶಿಲ್ಪಿ ಇದನ್ನು ಕಂಡು ಬೆರಗಾದ. ಬಡವರು ತಮ್ಮ ಮಣ್ಣಿನಿಂದಲೇ ಕಟ್ಟಿಕೊಳ್ಳಬಹುದಾದ ತಂಪಾದ, ಅಂದವಾದ ಮನೆಯ ಬಗ್ಗೆ ಅವನು ಜಗತ್ತಿಗೆ ಹೇಳಿದ ಪಾಠದ ಗುರುಗಳು ಆ ನೂಬಿಯನ್ ಮೇಸ್ತ್ರಿಗಳೇ. 1945ರ ಸುಮಾರಿಗೆ ಲಕ್ಸರಿನ ಎದುರು ದಂಡೆಯಲ್ಲಿ ಹೊಸ ಗುರ್ನಾ ಊರನ್ನು ಕಟ್ಟಲು ಹೊರಟಾಗ ಅವರನ್ನೇ ಅಸ್ವಾನಿನಿಂದ ಕರೆಸಿಕೊಂಡ.

ಆ ಮನೆಗಳು ಮುಳುಗಿದ್ದು ಒಮ್ಮೆಯಲ್ಲ. ಬ್ರಿಟಿಷರು ಅಸ್ವಾನಿನಲ್ಲಿ ಮೊದಲ ಅಣೆಕಟ್ಟು ಮುಗಿಸಿದ್ದು 1902ರಲ್ಲಿ. ಅದನ್ನು 1912ರಲ್ಲೊಮ್ಮೆ, 1933ರಲ್ಲೊಮ್ಮೆ ಎತ್ತರಿಸಿದರು. ಪ್ರತಿ ಸಲವೂ ನೂಬಿಯನ್ನರ ತೋಪು, ಹೊಲ, ಮನೆ ನೀರಿನಡಿ ಹೋದವು. ಪ್ರತಿ ಸಲವೂ ಅವರು ಇನ್ನಷ್ಟು ಮೇಲೆ, ಗುಡ್ಡದ ಬರಡಿನಲ್ಲಿ ಹೊಸ ಮನೆ ಕಟ್ಟಿಕೊಂಡರು. ಹೊಲ ಹೋದ ಮೇಲೆ ಗಂಡಸರು ಕೈರೋಗೆ, ಅಲೆಕ್ಸಾಂಡ್ರಿಯಾಕ್ಕೆ ಹೋಗಿ ಅಡುಗೆಯವರಾದರು, ಬಾಗಿಲು ಕಾಯುವವರಾದರು. ಊರಲ್ಲಿ ಹೆಂಗಸರು, ಮುದುಕರು, ಮಕ್ಕಳು ಉಳಿದರು. 1933ರ ಮುಳುಗಡೆಯನ್ನೇ ಹಿಡಿದು ಮುಹಮ್ಮದ್ ಖಲೀಲ್ ಖಾಸಿಮ್ ಬರೆದ ‘ಅಲ್-ಶಮಂದೂರಾ’ 1968ರಲ್ಲಿ ಬಂತು. ಅದು ನೂಬಿಯನ್ ಬದುಕಿನ ಮೊದಲ ಕಾದಂಬರಿ. ನಾ. ಡಿಸೋಜಾ ಅವರ ‘ಮುಳುಗಡೆ’, ‘ದ್ವೀಪ’ಗಳನ್ನು ಓದಿ ಬೆಳೆದ ನಮಗೆ ಅಂಥ ಪುಸ್ತಕ ಏಕೆ ಹುಟ್ಟುತ್ತದೆ ಎಂದು ಯಾರೂ ವಿವರಿಸಬೇಕಿಲ್ಲ. ನಮ್ಮ ಲಿಂಗನಮಕ್ಕಿಯಲ್ಲಿ ನೀರು ನಿಂತದ್ದು 1964ರಲ್ಲಿ. ಅದಕ್ಕೂ ಮೊದಲು ಮಡೆನೂರಿನ ಕಟ್ಟೆಯಿಂದ ಒಮ್ಮೆ ಎದ್ದುಹೋಗಿದ್ದವರು ಶರಾವತಿ ಕಣಿವೆಯಲ್ಲೂ ಇದ್ದರು. ಅವರ ಮಕ್ಕಳು, ಮೊಮ್ಮಕ್ಕಳು ಇವತ್ತಿಗೂ ಹಕ್ಕುಪತ್ರಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಿದ್ದಾರೆ.

ಅಸ್ವಾನಿನ ದೊಡ್ಡ ಅಣೆಕಟ್ಟಿನ ಕೆಲಸ ಶುರುವಾದದ್ದು 1960ರ ಜನವರಿಯಲ್ಲಿ, ಮುಗಿದದ್ದು 1970ರಲ್ಲಿ. ಅದರ ಹಿಂದೆ ನಿಂತ ನೀರು ಸುಮಾರು 500 ಕಿಲೋಮೀಟರ್ ಉದ್ದ, ಸುಡಾನಿನೊಳಕ್ಕೂ ಚಾಚಿದೆ. ಅಣೆಕಟ್ಟು ಈಜಿಪ್ಟಿಗೆ ಕೊಟ್ಟದ್ದನ್ನು ಅಲ್ಲಗಳೆಯಲಾಗದು. ದೇಶದ ಹಳ್ಳಿಹಳ್ಳಿಗೆ ವಿದ್ಯುತ್ ಬಂತು, ನೆರೆಯ ಭಯ ಹೋಯಿತು, ಎಂಬತ್ತರ ದಶಕದಲ್ಲಿ ನೈಲ್ ಸೊರಗಿದಾಗ ಆ ಜಲಾಶಯವೇ ಈಜಿಪ್ಟಿನ ಕೈಹಿಡಿಯಿತು. ಇಷ್ಟು ದೊಡ್ಡ ಉಪಕಾರಕ್ಕೆ ಬೆಲೆ ತೆತ್ತವರು ಮಾತ್ರ ಆ ಒಂದು ಸೀಮೆಯ ಊರುಗಳವರು. ಯಾರು ಬೆಲೆ ತೆತ್ತರೋ ಅವರ ಹೆಸರು ಹೇಳದೆ ಉಪಕಾರದ ಲೆಕ್ಕ ಒಪ್ಪಿಸುವುದು ಅನ್ಯಾಯ.

1963ರ ಅಕ್ಟೋಬರಿನಿಂದ 1964ರ ನಡುವಿನವರೆಗೆ ಈಜಿಪ್ಟಿನ ಕಡೆಯ ಸುಮಾರು 50,000 ನೂಬಿಯನ್ನರನ್ನು ಎಬ್ಬಿಸಿದರು. ಸುಡಾನಿನ ವಾದಿ ಹಲ್ಫಾ ಕಡೆಯಿಂದ ಹತ್ತಿರಹತ್ತಿರ ಅಷ್ಟೇ ಜನರನ್ನು ದೂರದ ಅತ್ಬರಾ ನದಿಯ ಬಯಲಿಗೆ, ಖಶ್ಮ್ ಅಲ್-ಗಿರ್ಬಾಗೆ ಸಾಗಿಸಿದರು. ನೂಬಿಯನ್ನರಲ್ಲಿ ಸಮಾಧಿಯ ತಲೆಯ ಕಡೆ ಒಂದು ಮಣ್ಣಿನ ಬಟ್ಟಲು ಇಟ್ಟು, ಹೋದಾಗಲೆಲ್ಲ ನೀರು ತುಂಬುವ ಪದ್ಧತಿ ಇದೆ. ಹೊರಡುವ ಮುಂಚೆ ಊರೂರಿನ ಜನ ಸ್ಮಶಾನಕ್ಕೆ ಹೋಗಿ ತಮ್ಮ ಸತ್ತವರಿಗೆ ವಿದಾಯ ಹೇಳಿದರು. ಇನ್ನು ಕೆಲವೇ ದಿನಕ್ಕೆ ಆ ಸಮಾಧಿಗಳ ಮೇಲೆ ನದಿಯೇ ಏರಿ ನಿಲ್ಲುವುದಿತ್ತು.

ಅವರನ್ನು ಕರೆತಂದದ್ದು ಅಸ್ವಾನಿನಿಂದ ಸುಮಾರು 45 ಕಿಲೋಮೀಟರ್ ಉತ್ತರಕ್ಕಿರುವ ಕೋಮ್ ಒಂಬೋದ ಹಿಂಬದಿಯ ಬಯಲಿಗೆ. ಆ ವಸತಿಗೆ ನಸ್ರ್ ಅಲ್-ನೂಬಾ ಎಂದು ಹೆಸರಿಟ್ಟರು. ಎಷ್ಟೋ ಮನೆಗಳ ಕೆಲಸ ಇನ್ನೂ ಮುಗಿದಿರಲಿಲ್ಲ. ನದಿ ಕಣ್ಣಿಗೆ ಕಾಣದಷ್ಟು ದೂರ. ಹುಟ್ಟಿದ ಮಗುವನ್ನೂ ಮದುವೆಯ ವಧುವರರನ್ನೂ ನೈಲ್ ದಂಡೆಗೆ ಕರೆದೊಯ್ಯುತ್ತಿದ್ದ ಜನ ಅವರು. ವಿಶಾಲ ಅಂಗಳವಿಲ್ಲದ, ಸಾಲಿಗೆ ಸಾಲು ಒತ್ತೊತ್ತಾಗಿ ಕಟ್ಟಿದ ಮನೆಗಳು ಬೇಸಿಗೆಯಲ್ಲಿ ಕುಲುಮೆಯಂತೆ ಕಾಯುತ್ತಿದ್ದವು. ಕೋಣೆಗಳ ಲೆಕ್ಕ ನೋಡಿ ಮನೆ ಹಂಚಿದರು: ಒಂದು ಕೋಣೆಯ ಮನೆಗಳೆಲ್ಲ ಒಂದು ಕಡೆ, ನಾಲ್ಕು ಕೋಣೆಯವೆಲ್ಲ ಇನ್ನೊಂದು ಕಡೆ. ಹೀಗಾಗಿ ಒಂಟಿ ಮುದುಕಿ ಒಂದು ಬೀದಿಗೆ, ಅವಳಿಗೆ ಅನ್ನ ಹಾಕುತ್ತಿದ್ದ ಮಗನ ಸಂಸಾರ ಊರಿನ ಇನ್ನೊಂದು ತುದಿಗೆ ಬಿತ್ತು. ತಲೆತಲಾಂತರದ ನೆರೆಹೊರೆ ಚೆಲ್ಲಾಪಿಲ್ಲಿಯಾಯಿತು. ಆ ಮೊದಲ ವರ್ಷದಲ್ಲಿ ಎಷ್ಟೋ ಹಸುಗೂಸುಗಳು, ವಯಸ್ಸಾದವರು ಕಾಯಿಲೆ ಬಿದ್ದು ಸತ್ತರು. ನೂಬಿಯನ್ನರು ಅದನ್ನು ಮರೆತಿಲ್ಲ.

ಬಿದ್ದ ಕಲ್ಲಿನ ತಲೆಯನ್ನು ಬಿದ್ದಂತೆಯೇ ಇಟ್ಟದ್ದೂ, ತಾಯಿಯನ್ನು ಮಗನ ಬೀದಿಯಿಂದ ದೂರ ಇಟ್ಟದ್ದೂ ಒಂದೇ ಕಾಲದಲ್ಲಿ ನಡೆದವು. ಕಲ್ಲಿಗೆ ನಂಬರು ಬರೆದದ್ದು ಅದರ ಜಾಗ ತಪ್ಪಬಾರದೆಂದು. ಮನುಷ್ಯರ ಜಾಗವನ್ನು ಬರೆದಿಟ್ಟುಕೊಳ್ಳುವಷ್ಟು ವ್ಯವಧಾನ ಯಾರಿಗೂ ಇರಲಿಲ್ಲ. ನನ್ನನ್ನು ಬಹಳ ದಿನದಿಂದ ಸುಡುತ್ತಿರುವುದು ಇದು. ದಾಬೂದ್ ಊರಿನ ಗುಡಿ ಇವತ್ತು ಮ್ಯಾಡ್ರಿಡ್ಡಿನ ಪಾರ್ಕಿನಲ್ಲಿ ಬೆಳಕಿನ ಅಲಂಕಾರದಲ್ಲಿ ನಿಂತಿದೆ. ದಾಬೂದ್ ಊರು ನೀರಿನಡಿ ಇದೆ. ದಾಬೂದ್ ಊರಿನ ಜನ ಕೋಮ್ ಒಂಬೋದ ಹಿಂದೆ, ಅದೇ ಹೆಸರಿಟ್ಟುಕೊಂಡ ಹೊಸ ದಾಬೂದಿನಲ್ಲಿ ಇದ್ದಾರೆ.

ಈ ಹೊಣೆಯಿಂದ ನಾವು ಹೊರಗಿನವರಲ್ಲ. ಯುನೆಸ್ಕೋದ ಕರೆಗೆ ಓಗೊಟ್ಟ ದೇಶಗಳಲ್ಲಿ ಭಾರತವೂ ಒಂದು. ನೆಹರೂ ಮತ್ತು ಈಜಿಪ್ಟಿನ ಅಧ್ಯಕ್ಷ ನಾಸರ್ ಆಪ್ತರಾಗಿದ್ದ ಕಾಲ. ನಮ್ಮ ಪುರಾತತ್ವ ಸರ್ವೇಕ್ಷಣೆ ಬಿ. ಬಿ. ಲಾಲ್ ಅವರ ನೇತೃತ್ವದಲ್ಲಿ ಒಂದು ತಂಡವನ್ನು ನೂಬಿಯಾಕ್ಕೆ ಕಳಿಸಿತು. 1962ರಲ್ಲಿ ಅವರು ಅಫ್ಯೇಹ್‌ನಲ್ಲಿ ಪ್ರಾಚೀನ ವಸತಿಯೊಂದನ್ನು ಅಗೆದು ತೆಗೆದರು. ಅವರು ಅಗೆಯುತ್ತಿದ್ದಾಗ ಆ ದಂಡೆಯ ಹಳ್ಳಿಗಳಲ್ಲಿ ಒಲೆ ಉರಿಯುತ್ತಿತ್ತು, ಮಕ್ಕಳು ಆಡುತ್ತಿದ್ದರು. ಸಾವಿರಾರು ವರ್ಷ ಹಿಂದಿನ ಮನೆಯ ನಕ್ಷೆ ಬರೆಯಲು ದೇಶದೇಶಗಳ ಪಂಡಿತರು ಸಾಲುಗಟ್ಟಿ ಬಂದರು. ಇನ್ನೊಂದು ವರ್ಷಕ್ಕೆ ಮುಳುಗಲಿದ್ದ ಮನೆಗಳ ಬದುಕನ್ನು ಬರೆದುಕೊಳ್ಳಲು ಬಂದವರಲ್ಲಿ ಮುಖ್ಯವಾದದ್ದು ಕೈರೋದ ಅಮೆರಿಕನ್ ವಿಶ್ವವಿದ್ಯಾಲಯದ ಮಾನವಶಾಸ್ತ್ರಜ್ಞರ ಒಂದು ತಂಡ.

ವಿಶ್ವಪರಂಪರೆಯ ಗೌರವ ಹೊತ್ತ ನಮ್ಮ ಹಂಪಿಯಲ್ಲೂ ಇದೇ ಕುರುಡು ಕಂಡೆವು. 2011ರ ಜುಲೈನಲ್ಲಿ ವಿರೂಪಾಕ್ಷ ದೇವಸ್ಥಾನದ ಎದುರಿನ ಬಜಾರಿಗೆ ಬುಲ್ಡೋಜರುಗಳು ಬಂದವು. ಸಾಲುಮಂಟಪಗಳಲ್ಲಿ ಬದುಕು ಕಟ್ಟಿಕೊಂಡಿದ್ದ ನೂರಾರು ಕುಟುಂಬಗಳು ಬೀದಿಗೆ ಬಿದ್ದವು. ಲಕ್ಸರಿನ ಎದುರು ದಂಡೆಯಲ್ಲಿ ಸಮಾಧಿಗಳ ಮೇಲಿನ ಗುಡ್ಡದಲ್ಲಿದ್ದ ಹಳೆಯ ಗುರ್ನಾದ ಬಣ್ಣಬಣ್ಣದ ಮನೆಗಳನ್ನು 2006ರ ಕೊನೆಯಿಂದ ಕೆಡವಲು ಶುರುಮಾಡಿದ್ದೂ ಇದೇ ಮಾತು ಹೇಳಿ: ಸ್ಮಾರಕಕ್ಕೆ ತೊಂದರೆ. ಸ್ಮಾರಕಕ್ಕೆ ತೊಂದರೆ ಇದ್ದಿರಬಹುದು. ಆ ಜನರೊಂದಿಗೆ ಕೂತು, ಅವರ ಮನೆ ಎಲ್ಲಿ, ಹೇಗೆ, ಯಾರ ಪಕ್ಕ ಎಂದು ಕೇಳಿ, ಅವರ ಒಪ್ಪಿಗೆ ಪಡೆದು ಮಾಡಲು ಬಾರದ ಕೆಲಸವೇನೂ ಆಗಿರಲಿಲ್ಲ. ಇಪ್ಪತ್ತು ಟನ್ನಿನ ಕಲ್ಲನ್ನು ಒಂದು ಗೀರು ಬೀಳದಂತೆ ಗುಡ್ಡ ಹತ್ತಿಸಬಲ್ಲವರಿಗೆ ಅದು ಅಸಾಧ್ಯವಾಗಿರಲಿಲ್ಲ.

ಇದೆಲ್ಲ ಮುಗಿದುಹೋದ ಕಥೆ ಎಂದು ಯಾರೂ ತಿಳಿಯಬಾರದು. ಹತ್ತಾರು ವರ್ಷ ನೂಬಿಯನ್ನರು ಅರ್ಜಿ ಬರೆದರು, ಸಂಘ ಕಟ್ಟಿದರು, ಕೋರ್ಟಿಗೆ ಹೋದರು. 2014ರ ಜನವರಿಯಲ್ಲಿ ಜಾರಿಗೆ ಬಂದ ಈಜಿಪ್ಟಿನ ಸಂವಿಧಾನದ 236ನೆಯ ವಿಧಿಯಲ್ಲಿ ಕೊನೆಗೂ ಒಂದು ಮಾತು ಸೇರಿತು: ನೂಬಿಯನ್ನರನ್ನು ಅವರ ಮೂಲ ನೆಲೆಗಳಿಗೆ ಮರಳಿಸಿ, ಆ ಪ್ರದೇಶವನ್ನು ಹತ್ತು ವರ್ಷದೊಳಗೆ ಅಭಿವೃದ್ಧಿ ಮಾಡುವ ಕೆಲಸವನ್ನು ಸರ್ಕಾರ ಕೈಗೊಳ್ಳಬೇಕು. ಆ ವರ್ಷ ಮುಗಿಯುವ ಮೊದಲೇ ಹೊರಬಿದ್ದ 444ನೆಯ ನಂಬರಿನ ಅಧ್ಯಕ್ಷೀಯ ಆಜ್ಞೆ ಗಡಿಯ ಭೂಮಿಯನ್ನು ಸೇನಾವಲಯವೆಂದು ಸಾರಿತು, ಅದರಲ್ಲಿ ಅವರ ಹಳೆಯ ಊರುಗಳ ನೆಲವೂ ಸೇರಿಹೋಯಿತು. 2017ರ ಸೆಪ್ಟೆಂಬರಿನಲ್ಲಿ, ಬಕ್ರೀದ್ ಹಬ್ಬದ ದಿನಗಳಲ್ಲಿ, ಅಸ್ವಾನಿನ ಬೀದಿಯಲ್ಲಿ ದಫ್ ಬಾರಿಸುತ್ತ, ತಮ್ಮ ನುಡಿಯ ಹಾಡು ಹೇಳುತ್ತ ಮರಳುವ ಹಕ್ಕು ಕೇಳಿದವರಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿಯನ್ನು ಬಂಧಿಸಿದರು. ಅವರಲ್ಲೊಬ್ಬರು ಬಂಧನದಲ್ಲಿದ್ದಾಗಲೇ ತೀರಿಕೊಂಡರು. ಸಂವಿಧಾನ ಹೇಳಿದ ಹತ್ತು ವರ್ಷದ ಗಡುವು 2024ರ ಜನವರಿಗೆ ದಾಟಿತು.

ಇನ್ನು ಕ್ರೂಸಿನ ಮಾತು. ಲಕ್ಸರ್‌ನಿಂದ ಅಸ್ವಾನಿಗೆ ಸಾಗುವ ಹಡಗುಗಳು ಕೋಮ್ ಒಂಬೋದಲ್ಲಿ ಲಂಗರು ಹಾಕುತ್ತವೆ, ಬಹಳ ಸಲ ಸಂಜೆಯ ಹೊತ್ತಿಗೆ. ದಂಡೆಯ ಮೇಲೇ ಸೋಬೆಕ್ ಮತ್ತು ಹೋರಸ್ ಇಬ್ಬರಿಗೂ ಸೇರಿದ ಜೋಡಿ ದೇವಾಲಯ, ಪಕ್ಕದಲ್ಲಿ ಮೊಸಳೆಗಳ ಮಮ್ಮಿ ಇಟ್ಟ ಮ್ಯೂಸಿಯಂ. ಪ್ರವಾಸಿಗರು ಇಳಿಯುತ್ತಾರೆ, ದೀಪದ ಬೆಳಕಲ್ಲಿ ಕಂಬಗಳನ್ನು ನೋಡುತ್ತಾರೆ, ಫೋಟೋ ತೆಗೆಯುತ್ತಾರೆ, ಊಟದ ಹೊತ್ತಾಯಿತೆಂದು ಹಡಗಿಗೆ ಮರಳುತ್ತಾರೆ. ಕಬ್ಬಿನ ಹೊಲಗಳ ಆಚೆ ನೂಬಿಯಾದ ಊರುಗಳೆಲ್ಲ ಇವೆ ಎಂದು ಅವರಿಗೆ ಹೇಳುವವರಿಲ್ಲ. ಮಾರನೆಯ ದಿನ ಅಸ್ವಾನಿನ ನೂಬಿಯಾ ಮ್ಯೂಸಿಯಮ್ಮಿಗೆ ಹೋದರೆ, 1997ರಲ್ಲಿ ತೆರೆದ ಆ ಅಚ್ಚುಕಟ್ಟಾದ ಕಟ್ಟಡದಲ್ಲಿ, ನೂಬಿಯನ್ ಹಳ್ಳಿಯ ಬದುಕನ್ನು ಆಳೆತ್ತರದ ಬೊಂಬೆಗಳಲ್ಲಿ ತೋರಿಸಿದ್ದಾರೆ. ಮ್ಯೂಸಿಯಂ ನೋಡಲೇಬೇಕಾದದ್ದು. ಬೊಂಬೆಗಳನ್ನು ನೋಡಿದವರು ಬದುಕಿರುವವರನ್ನು ನೋಡದೆ ಹೋಗುವುದನ್ನು ಮಾತ್ರ ನಾನು ಒಪ್ಪಲಾರೆ.

ಆದ್ದರಿಂದ ಕೇಳಿಕೊಳ್ಳುತ್ತೇನೆ. ಟಿಕೆಟ್ ಮಾಡಿಸುವ ಮೊದಲೇ ನಿಮ್ಮ ಟ್ರಾವೆಲ್ ಏಜೆಂಟರನ್ನು ಕೇಳಿ: ಈ ಪ್ಯಾಕೇಜಿನಲ್ಲಿ ನೂಬಿಯನ್ನರ ಬಗ್ಗೆ ಏನು ತೋರಿಸುತ್ತೀರಿ, ಏನು ಹೇಳುತ್ತೀರಿ? ಕೋಮ್ ಒಂಬೋದಲ್ಲಿ ಇಳಿದಾಗ ಗೈಡನ್ನು ಕೇಳಿ: ನಸ್ರ್ ಅಲ್-ನೂಬಾ ಯಾವ ದಿಕ್ಕಿಗಿದೆ? ಹತ್ತು ತಂಡ ಕೇಳಿದರೆ ಹನ್ನೊಂದನೆಯ ತಂಡಕ್ಕೆ ಗೈಡ್ ತಾನಾಗಿಯೇ ಹೇಳುತ್ತಾನೆ. ಗೈಡುಗಳು ಕೇಳಿದ್ದಕ್ಕೆ ಉತ್ತರ ಕಲಿತುಕೊಳ್ಳುವವರು. ನಾವು ರಾಮ್ಸೆಸನ ಹೆಂಡತಿಯರ ಲೆಕ್ಕ ಕೇಳಿದೆವು, ಅವರು ಅದನ್ನು ಕಲಿತರು.

ಅಬು ಸಿಂಬೆಲಿಗೆ ನಸುಕಿನಲ್ಲಿ ಓಡಿ, ಎರಡು ಗಂಟೆ ನೋಡಿ, ಮಧ್ಯಾಹ್ನಕ್ಕೆ ಅಸ್ವಾನಿಗೆ ಓಡಿ ಬರುವ ಬದಲು ಅಲ್ಲಿ ಒಂದು ರಾತ್ರಿ ಉಳಿಯಿರಿ. ಆ ಊರಿನಲ್ಲಿ ಮರಳಿ ಬಂದು ನೆಲೆ ನಿಂತ ನೂಬಿಯನ್ನರಿದ್ದಾರೆ, ಅವರೇ ನಡೆಸುವ ತಂಗುಮನೆಗಳಿವೆ. ಅಸ್ವಾನಿನಲ್ಲಿ ಫೆಲೂಕಾ ದೋಣಿ ನಡೆಸುವವರಲ್ಲಿ ನೂಬಿಯನ್ನರು ಬಹಳ. ಎಲಿಫಂಟೈನ್ ದ್ವೀಪದ ಹಳ್ಳಿಗಳಲ್ಲಿ, ಪಶ್ಚಿಮ ದಂಡೆಯಲ್ಲಿ ಅವರ ಮನೆಗಳಿವೆ. ನೀವು ಕೊಡುವ ಹಣ ಅವರ ಕೈಸೇರಲಿ. ಹೇಳಿದ ಬಾಡಿಗೆಯನ್ನು ಅರ್ಧಕ್ಕಿಳಿಸಿದ್ದನ್ನು ಸಾಹಸವೆಂದು ಊರಿಗೆ ಬಂದು ಹೇಳಿಕೊಳ್ಳಬೇಡಿ.

ಘರ್ಬ್ ಸೊಹೈಲ್ ಎಂಬ ಹಳ್ಳಿಗೆ ನಿಮ್ಮನ್ನು ಖಂಡಿತ ಕರೆದೊಯ್ಯುತ್ತಾರೆ. ನೀಲಿ, ಹಳದಿ ಬಳಿದ ಗೋಡೆಗಳು, ಕರ್ಕದೆ ಎಂಬ ಕೆಂಪು ಪುಂಡಿಹೂವಿನ ಪಾನಕ, ಕೈಗೆ ಮೆಹೆಂದಿ. ಅಲ್ಲಿ ಬಾಯಿ ಕಟ್ಟಿದ ಮೊಸಳೆಮರಿಯನ್ನು ಕೈಗೆ ಕೊಟ್ಟು ಫೋಟೋ ತೆಗೆಸುತ್ತಾರೆ. ದಯವಿಟ್ಟು ಬೇಡವೆನ್ನಿ. ಹೊಲ ಕಳೆದುಕೊಂಡ ಜನ ಪ್ರವಾಸಿಗರು ಕೇಳಿದ್ದನ್ನೇ ಮಾರಬೇಕಾಗಿ ಬಂದಿದೆ. ಕೇಳುವುದನ್ನು ಬದಲಿಸುವ ಶಕ್ತಿ ನಮ್ಮಲ್ಲಿದೆ. ಪಾನಕ ಕುಡಿಯಿರಿ, ದುಡ್ಡು ಕೊಡಿ, ಆ ಮನೆಯ ಅಜ್ಜಿ ಎದುರಿಗೆ ಸಿಕ್ಕರೆ ಕೂತು ಮಾತಾಡಿ. ಹೊಸಿಲು ದಾಟುವ ಮುಂಚೆ ಕೇಳಿ, ಮಕ್ಕಳ ಫೋಟೋ ತೆಗೆಯುವ ಮುಂಚೆ ತಾಯಂದಿರನ್ನು ಕೇಳಿ. ನಮ್ಮ ಮನೆಯ ಅಂಗಳಕ್ಕೆ ಕ್ಯಾಮೆರಾ ಹಿಡಿದು ಬಂದವರಿಂದ ನಾವು ಬಯಸುವ ಮರ್ಯಾದೆ ಅವರಿಗೂ ಸಲ್ಲಬೇಕು.

ಒಂದು ಎಚ್ಚರ ಮಾತ್ರ ಇರಲಿ. ಮರಳುವ ಹಕ್ಕಿನ ಬಗ್ಗೆ, ಸರ್ಕಾರದ ಬಗ್ಗೆ ಅವರ ಬಾಯಿ ಬಿಡಿಸಲು ಹೋಗಬೇಡಿ, ಅವರ ಮಾತನ್ನು ವಿಡಿಯೋ ಮಾಡಿ ಹಂಚಬೇಡಿ. ನಾವು ವಾರ ಕಳೆದು ವಿಮಾನ ಹತ್ತುತ್ತೇವೆ, ಆಡಿದ ಮಾತಿಗೆ ಉತ್ತರ ಕೊಡಬೇಕಾದವರು ಅಲ್ಲೇ ಇರುತ್ತಾರೆ. ಅವರಾಗಿ ಹೇಳಿದರೆ ಕಿವಿಗೊಡಿ. ಹೇಳದಿದ್ದರೆ ಆ ಮೌನವನ್ನೂ ಗೌರವಿಸಿ. ದಾರಿಯಲ್ಲಿ ಕೇಳಲು ಹಮ್ಜಾ ಅಲ್-ದೀನ್ ಅವರ ಸಂಗೀತ ಫೋನಿನಲ್ಲಿರಲಿ. ತೋಷ್ಕಾದಲ್ಲಿ 1929ರಲ್ಲಿ ಹುಟ್ಟಿ, ಎಂಜಿನಿಯರಿಂಗ್ ಓದಿದ್ದ ಅವರು ಅಣೆಕಟ್ಟಿನ ಸುದ್ದಿ ತಿಳಿದು ಊರೂರು ಅಲೆಯುತ್ತ, ಬರಲಿರುವ ನೀರಿನ ಬಗ್ಗೆ ತಮ್ಮವರನ್ನು ಎಚ್ಚರಿಸಿದರು. ಆಮೇಲೆ ಊದ್ ಎಂಬ ತಂತಿವಾದ್ಯ ಹಿಡಿದು ದೇಶಾಂತರ ಹೋಗಿ, 1971ರಲ್ಲಿ ತಮ್ಮೂರಿನ ನೀರೆತ್ತುವ ಗಾಲಿಯ ಹೆಸರನ್ನೇ ಇಟ್ಟು ‘ಎಸ್ಕಲೈ’ ಎಂಬ ಆಲ್ಬಂ ತಂದರು. ಎತ್ತು ಸುತ್ತುವ, ಗಾಲಿ ಕಿರುಗುಟ್ಟುವ ಲಯವನ್ನು ಆ ತಂತಿಗಳಲ್ಲಿ ಕೇಳಿಸಿಕೊಳ್ಳಬಹುದು.

ಟ್ರಾವೆಲ್ ಕಂಪನಿ ನಡೆಸುವ ಸೋದರರೇ, ನಿಮ್ಮ ಕಿರುಪುಸ್ತಿಕೆಯಲ್ಲಿ ಎರಡು ಪ್ಯಾರಾ ಇದಕ್ಕೆ ಬಿಡಿ. ಮೇಷ್ಟ್ರುಗಳೇ, ಪಿರಮಿಡ್ಡಿನ ಪಾಠ ಮಾಡುವ ದಿನ ಮಕ್ಕಳಿಗೆ ಈ ಜನರ ಹೆಸರನ್ನೂ ಹೇಳಿ. ಕನ್ನಡದಲ್ಲಿ ಪ್ರವಾಸಕಥನ ಬರೆಯುವವರಲ್ಲಿ ನನ್ನ ವಿನಂತಿ ಎಲ್ಲರಿಗಿಂತ ಹೆಚ್ಚು, ಏಕೆಂದರೆ ನಮ್ಮ ಓದುಗರಲ್ಲಿ ಬಹುಪಾಲು ಜನ ಈಜಿಪ್ಟನ್ನು ನೋಡುವುದು ನಿಮ್ಮ ಕಣ್ಣಿನಿಂದಲೇ. ಅಬು ಸಿಂಬೆಲಿನ ಬಗ್ಗೆ ಬರೆದ ಪುಟದಲ್ಲೇ, ರಾಮ್ಸೆಸನ ಹೆಸರಿರುವ ಸಾಲಿನ ಕೆಳಗೇ ಈ ಊರುಗಳ ಹೆಸರನ್ನು ಬರೆಯಿರಿ: ಅಡಿಂದಾನ್, ಕುಸ್ತುಲ್, ಬಲ್ಲಾನ, ತೋಷ್ಕಾ, ಅನೀಬಾ, ಇಬ್ರೀಮ್, ದೆರ್, ಕೊರೊಸ್ಕೊ, ದಕ್ಕಾ, ಕಲಾಬ್ಶಾ, ದಾಬೂದ್.